ಚೊಂಬಿನ ಮೇಲೆ ಮಿಸ್ ಗೋದಾ

೧೨-೫-೭೮, ಶುಕ್ರವಾರ. ಮದ್ದೂರು.

ಧರ್ಮದೇವತೆಯ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ಇವತ್ತಿನ ಮದುವೆಯಲ್ಲಿ ಒಂದು ಗ್ರಾಮಫೋನ್ ಪ್ಲೇಟು ಕದ್ದೆ. ಮೈಕ್‌ಸೆಟ್ಟಿನ ಮರಿಸಿದ್ದಯ್ಯ ಅದನ್ನು ಮಜ್ಜಿಗೆ ಚೊಂಬಿಗೆ ಮುಚ್ಚಿದ್ದ. ಎಪ್ಪತ್ತೊಂದರಲ್ಲಿ ಮಂಡ್ಯದ ಹೋಟೆಲುಗಳನ್ನೆಲ್ಲ ಕುಣಿಸಿದ ಮಿಸ್ ಗೋದಾ ಹಾಡಿದ ಒಂದೇ ಒಂದು ಪಾಪ್ ಹಾಡು ಅದು.

"ಹಾಕಯ್ಯ" ಎಂದೆ.

"ಇದ್ನ ಈಗ ಯಾರ್ ಕೇಳ್ತಾರೆ? ಚೊಂಬ್ಗೆ ಸರ್ಯಾಗ್ ಕೂತ್ಕತದೆ, ಬುಡಿ ಸಾ."

ಮೈ ಉರಿಯಿತು. ತಲೆಯ ಮೇಲೆ ಹೊತ್ತವಳನ್ನು ಚೊಂಬಿನ ಮೇಲೆ ಕೂರಿಸಿದ ಕೃತಘ್ನ ಜಿಲ್ಲೆ! ಬೀಗರ ಪಂಕ್ತಿಯಲ್ಲೂ ಕೂಗಾಡಿದೆ: "ಸಾವಿರ ದನಿಗಳ ನಡುವೆಯೂ ಆ ದನಿಯನ್ನು ಗುರುತಿಸಬಲ್ಲೆ."

"ತುಪ್ಪ ಬಡಿಸಲೇ?" ಎಂದು ಒಬ್ಬಾಕೆ ಮತ್ತೆ ಮತ್ತೆ ಕೇಳಿದರು. "ತಡೀರಮ್ಮ, ಮುಖ್ಯವಾದ ಮಾತಾಡ್ತಿದ್ದೀನಿ" ಎಂದು ಗದರಿದೆ.

ಹೊರಡುವಾಗ ಹೆಣ್ಣಿನ ತಂದೆ ಪರಿಚಯಿಸಿದರು: "ನನ್ನ ತಂಗಿ ಗೋದಾ. ಹಿಂದೆ ಹಾಡ್ತಿದ್ದಳು."

ಆಕೆಯ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಪ್ಲೇಟು ನನ್ನ ಅಂಗಿಯೊಳಗೆ ಇತ್ತು.