ಚಳಿಗೆ ಎಚ್ಚೆತ್ತ ಸ್ವಿಚ್ಚು

ಫೆಬ್ರವರಿ ೮, ಶನಿವಾರ

ಪ್ರೀತಿಯ ಅಮ್ಮನಿಗೆ,

ಮಗಳ ನಮಸ್ಕಾರ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಕೂತುಕೋ. ನಿನ್ನ ಪ್ರಯೋಗ ಸರಿಯಾಗಿತ್ತು.

ಅಡುಗೆಮನೆಯ ಗೋಡೆ ತೋರಿಸಿ ನನಗೆ ಪಾಠ ಹೇಳುತ್ತಿದ್ದೆಯಲ್ಲ: ಜೀನ್ ಎಂದರೆ ದೀಪ, ಅದರ ಮುಂದಿರುವ ಡಿಎನ್‌ಎ ತುಣುಕು ಸ್ವಿಚ್ಚು, ಗಿಡ ಬಾಯಾರಿದಾಗ ಏರುವ ಹಾರ್ಮೋನಿನಿಂದ ಅದು ಹತ್ತುತ್ತದೆ ಎಂದು. ನೀನು ಕಂಡ ಸ್ವಿಚ್ಚು ನಿನ್ನ ಗಿಡಗಳಲ್ಲಿ ಮಾತ್ರ ಹತ್ತಿತು, ಬೇರೆಯವರು ಎಷ್ಟು ತಿಣುಕಿದರೂ ಹತ್ತಲಿಲ್ಲ. ಫಲಿತಾಂಶವನ್ನು ನೀನೇ ಹೆಣೆದೆ ಎಂದರು. ನೀನು ಬಿಳಿ ಕೋಟು ಕಳಚಿಟ್ಟು ಮನೆಗೆ ಬಂದೆ.

ಈ ಚಳಿಗಾಲ ಇಲ್ಲಿ, ನಿನ್ನ ಹಳೆಯ ಸಂಸ್ಥೆಯಲ್ಲೇ, ನಮ್ಮ ಗಿಡಗಳ ಕೋಣೆಯ ಹೀಟರ್ ಕೆಟ್ಟಿತು. ರಿಪೇರಿಯವನು ಇವತ್ತು, ನಾಳೆ ಎಂದು ಸತಾಯಿಸಿದ. ಅವನಿಗೆ ಹಿಡಿಶಾಪ ಹಾಕುತ್ತಲೇ, ನಿನ್ನ ಸ್ವಿಚ್ಚು ಸೇರಿಸಿ ನೀರು ನಿಲ್ಲಿಸಿದ್ದ ಸಸಿಗಳ ಎಲೆ ಕಿತ್ತು ದ್ರಾವಣದಲ್ಲಿ ಅದ್ದಿಟ್ಟೆ. ಸ್ವಿಚ್ಚು ಹತ್ತಿದ್ದರೆ ಎಲೆ ನೀಲಿಯಾಗಬೇಕು. ಎಂದೂ ಬಣ್ಣ ತಿರುಗದ ಎಲೆಗಳು, ಅಮ್ಮ, ನರನರವೂ ನೀಲಿ!

ಆಗ ನಿನ್ನ ಹಳೆಯ ಕೋಣೆ ನೆನಪಾಯಿತು. ಒಡೆದ ಕಿಟಕಿಗೆ ಪೇಪರ್ ತುರುಕಿಕೊಂಡು ಕೆಲಸ ಮಾಡಿದೆ ಎನ್ನುತ್ತಿದ್ದೆಯಲ್ಲ. ಉಳಿದವರ ಕೋಣೆಗಳು ಬೆಚ್ಚಗಿದ್ದವು. ಹುಡುಕಿದರೆ ಆ ತುಣುಕಿನಲ್ಲಿ ಅಕ್ಕಪಕ್ಕ ಎರಡು ಜಾಗಗಳಿವೆ, ಒಂದು ಬಾಯಾರಿಕೆಗೆ, ಇನ್ನೊಂದು ಚಳಿಗೆ. ಎರಡೂ ಕೂಡಿದರೆ ಮಾತ್ರ ಹತ್ತುತ್ತದೆ. ಚಳಿಯ ಜಾಗವನ್ನು ಕತ್ತರಿಸಿ ತೆಗೆದೆ, ಎಲೆ ಬಿಳಿಚಿಕೊಂಡೇ ಉಳಿಯಿತು. ಪಕ್ಕದ ಪ್ರಯೋಗಾಲಯದವರೂ ಮಾಡಿ ನೋಡಿದರು. ಅದೇ ಫಲಿತಾಂಶ.

ನಿನ್ನೆ ಈ ಫಲಿತಾಂಶ ತೋರಿಸಿದ ಸಭೆಗೆ ನಿನ್ನ ಹಳೆಯ ಮೇಲಧಿಕಾರಿ ಬಂದಿದ್ದರು. ನಿವೃತ್ತರಾಗಿ ಬಹಳ ಬಗ್ಗಿಹೋಗಿದ್ದಾರೆ. ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಹೇಳಿದರು: "ಆಕೆ ಸುಳ್ಳು ಹೇಳಿರ್ಲಿಲ್ಲ. ನಾನು ಆ ಕೋಣೆಗೆ ಒಂದ್ಸಲ ಹೋಗಿ ನೋಡ್ಬೇಕಿತ್ತು."

ನಿನ್ನ ಮೇಲಿನ ಆರೋಪವನ್ನು ಸಂಸ್ಥೆ ಹಿಂತೆಗೆದುಕೊಳ್ಳುತ್ತದೆ. ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲು. ಎದೆಯ ಮೇಲಿನ ಬಂಡೆ ಇಳಿದಂತಾಗಿ, ಕೊರಡಿನ ಹಾಗೆ ನಿದ್ದೆ ಮಾಡಿದೆ.

ಅಪ್ಪನ ಮೊಣಕಾಲು ಹೇಗಿದೆ? ವೈದ್ಯರು ನಡೆಯಿರಿ ಎಂದದ್ದು ಫ್ರಿಜ್ಜಿನವರೆಗೆ ಅಲ್ಲ ಎಂದು ಹೇಳು. ಇಬ್ಬರೂ ನನ್ನನ್ನು ಮನಸಾರೆ ಹರಸಿ.

ನಿನ್ನ ಬಾಯಿಬಡುಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಾನು ಇಲ್ಲಿ ಸೇರುವಾಗ, ಯಾರ ಮಗಳೆಂದು ಬಾಯಿಬಿಡಬೇಡ ಎಂದು ನೀನು ಆಣೆ ಹಾಕಿಸಿಕೊಂಡಿದ್ದೆ. ಊಟದ ಮೇಜಿನಲ್ಲಿ ಇಲ್ಲಿಯವರು ನಿನ್ನ ಕಥೆಯನ್ನು ಹೊಸಬರಿಗೆ ಎಚ್ಚರಿಕೆಯೆಂದು ಹೇಳಿ ನಗುವಾಗಲೆಲ್ಲ ನಾನು ತಟ್ಟೆ ನೋಡುತ್ತಾ ಕೂತಿರುತ್ತಿದ್ದೆ. ನಿನ್ನೆ ಆ ಹಿರಿಯರು, ಒಡೆದ ಕಿಟಕಿಯ ವಿಷಯ ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. "ಅವ್ರು ನಮ್ಮಮ್ಮ" ಅಂದುಬಿಟ್ಟೆ, ಎಲ್ಲರಿಗೂ ಕೇಳಿಸುವ ಹಾಗೆ.