ಆಟದ ಅಂಗಳದಲ್ಲಿ ತುಂಬಿದ ಉಡಿ

ಗಂಗಾವತಿ
ಭಾನುವಾರ

ಥ್ರೋಬಾಲ್ ತಂಡದ ಕ್ಯಾಪ್ಟನ್, ನನ್ನ ಗೆಳತಿ ದ್ರಾಕ್ಷಾಯಿಣಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಆಟ ಮುಗಿದ ಮೇಲೆ ನೀನು ಎಲ್ಲರೆದುರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ರವಿಕೆ ಖಣ. ನಿನ್ನ ಜೊತೆ ಸೇರಿ ಈ ತಂಡ ಕಟ್ಟಿದವಳೆಂದು ಗೌರವಿಸುತ್ತಿದ್ದೀಯ ಅಂದುಕೊಂಡು ಕಣ್ಣು ಒರೆಸಿಕೊಂಡೆ. ಮರುದಿನ ಅಂಗಳಕ್ಕೆ ಬಂದರೆ ನನ್ನ ಜಾಗದಲ್ಲಿ ನಿನ್ನ ನಾದಿನಿ ನಿಂತಿದ್ದಳು. "ಉಡಿ ತುಂಬಿ ಕಳಿಸೀವಲ್ರಿ ಅಕ್ಕಾರ, ಮತ್ಯಾಕ ಬಂದ್ರಿ?" ಎಂದಳು. ನೀನು ನೆಟ್ ಕಟ್ಟುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

"ಕಸ್ತೂರಿ, ನಿನ್ನ ಮೊಣಕಾಲ ಭಾಳ ಬ್ಯಾನಿ ಐತಿ, ಈ ವರ್ಷ ಆಡಬ್ಯಾಡ ಬಿಡವಾ" ಎಂದು ಮುಖ ನೋಡಿ ಹೇಳಿದ್ದರೆ ಸಾಕಿತ್ತು. ಜಗಳವಾಡಿ, ಚಹಾ ಕುಡಿದು ಮನೆಗೆ ಹೋಗುತ್ತಿದ್ದೆ.

ಉಡಿಯಕ್ಕಿ ಪಾಯಸವಾಯಿತು, ರುಚಿಯಾಗಿಯೇ ಇತ್ತು. ನನ್ನ ಬೂಟು ನಿಮ್ಮ ಕಟ್ಟೆಯ ಮೇಲಿದೆ, ಜಲ್ದಿ ಕಳಿಸು. ಬೇಕಾಗಿದೆ. ಶ್ರೀರಾಮನಗರದ ಹೆಂಗಸರು ತಮ್ಮ ತಂಡಕ್ಕೆ ಸೇರಿಸಿಕೊಂಡಿದ್ದಾರೆ. ಇನ್ನು ಅದೇ ನನ್ನ ಗಂಡನ ಮನೆ.

ಉಡಿ ತುಂಬಿ ಕಳಿಸಿದ ಮಗಳು ಪಂಚಮಿಗೆ ತವರಿಗೆ ಬಂದೇ ಬರುತ್ತಾಳೆ, ಮರೆತೆಯಾ? ನಿಮ್ಮ ಪಂಚಮಿ ಪಂದ್ಯಕ್ಕೆ ನಾನೂ ಬರುತ್ತೇನೆ. ನೆಟ್ಟಿನ ಆಚೆ ನಿಂತಿರುತ್ತೇನೆ, ನೀನು ಕೊಟ್ಟ ಖಣವನ್ನೇ ಮೊಣಕಾಲಿಗೆ ಬಿಗಿದು ಕಟ್ಟಿಕೊಂಡು.

ಇನ್ನೂ ಆಡುತ್ತಿರುವ,
ಕಸ್ತೂರೆಮ್ಮ