ಹದಿನಾಲ್ಕನೆಯ ಅಧ್ಯಾಯ

ಪಿಂಚರ್ಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
28 ಸೆಪ್ಟೆಂಬರ್ 2023, ಗುರುವಾರ

ಪ್ರೀತಿಯ ಇಮೆಲ್ಡಾ,

ನೀನು ಚೆನ್ನಾಗಿದ್ದೀಯ ಅಂತ ಪತ್ರಿಕೆಯಲ್ಲಿ ಓದಿದೆ, ಹಾಗಾಗಿ ಕೇಳುವುದಿಲ್ಲ. ನಾವೂ ಇದ್ದೇವೆ. ಅಮ್ಮನ ಬಲಗಣ್ಣು ಪೂರ್ತಿ ಹೋಯಿತು, ಎಡಗಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಅಷ್ಟು ಮಾತ್ರ ತಿಳಿಯುತ್ತದೆ. ಕಿವಿ ಮಾತ್ರ ಬೆಕ್ಕಿನ ಕಿವಿ. ಫೋನು ಇರುವುದು ಅಡುಗೆಮನೆಯಲ್ಲಿ, ಅದಕ್ಕೇ ಈ ಕಾಗದ. ಅಲ್ಲದೆ ನಿನಗೆ ಫೋನಿನಲ್ಲಿ ಹೇಳಿದ ಮಾತು ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಈಗ ನನಗೆ ಗೊತ್ತಾಗಿದೆ.

ಬೈಯಲು ಕೂತಿಲ್ಲ ಮಾರಾಯ್ತಿ. ಒಂದು ಕೆಲಸ ಆಗಬೇಕು. ಅಕ್ಟೋಬರ್ ಇಪ್ಪತ್ತೊಂದಕ್ಕೆ ನೀನು ನಮ್ಮ ಚರ್ಚಿನ ಸಭಾಂಗಣದಲ್ಲಿ ಹೊಸ ಕಾದಂಬರಿ ಓದುತ್ತೀಯಂತೆ. ಬ್ರೈಡ್ ಅತ್ತೆ ಮನೆಮನೆಗೂ ಹೇಳಿ ಬಂದಿದ್ದಾಳೆ. ಸೂಪು, ಬನ್ನು, ಗೋಡೆಗೆ ನಿನ್ನ ಫೋಟೊ, ಮುಂದಿನ ಸಾಲಿನಲ್ಲಿ ಅಮ್ಮನಿಗೆ ಕುರ್ಚಿ. ಹದಿನಾಲ್ಕನೆಯ ಅಧ್ಯಾಯ ಓದಬೇಡ. ಅದನ್ನೇ ಓದುತ್ತೇನೆ ಅನ್ನುವುದಾದರೆ ಬರಲೇಬೇಡ.

ನೀನು ಮೀನು ಕಾರ್ಖಾನೆಯ ತೂಕದ ಚೀಟಿಗಳ ಹಿಂಬದಿಯಲ್ಲಿ ಕಥೆ ಬರೆಯುತ್ತಿದ್ದಾಗ ಆ ಚೀಟಿ ಕದ್ದು ತಂದುಕೊಡುತ್ತಿದ್ದವಳು ನಾನು. ಆಮೇಲೆ ನೀನು ಟೊರಾಂಟೊದ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ ಒಂಬತ್ತು ವರ್ಷ ಕಳೆದೆ, ಯಾವ ಪತ್ರಿಕೆಯೂ ನಿನ್ನ ಕಥೆ ತೆಗೆದುಕೊಳ್ಳಲಿಲ್ಲ. ಆಗಲೂ ಅಮ್ಮ ಊರಿಗೆಲ್ಲ ನಿನ್ನನ್ನು ಬರಹಗಾರ್ತಿ ಅಂತಲೇ ಹೇಳುತ್ತಿದ್ದಳು. ಮೊದಲ ಪುಸ್ತಕದಲ್ಲಿ ಬ್ರೈಡ್ ಅತ್ತೆಯ ಸುಳ್ಳು ಕೂದಲಿನ ವಿಷಯ ಬರೆದೆ. ಆರು ತಿಂಗಳು ಅವಳು ನಮ್ಮ ಮೆಟ್ಟಿಲು ಹತ್ತಲಿಲ್ಲ, ಆಮೇಲೆ ತಾನೇ ಹತ್ತು ಪ್ರತಿ ಕೊಂಡು ನೆಂಟರಿಗೆ ಹಂಚಿದಳು. ಎರಡನೆಯದು ಬಹುಮಾನದ ಪಟ್ಟಿಗೆ ಬಂತು, ಊರೆಲ್ಲ ನಮ್ಮ ಮನೆಯಲ್ಲಿ ಕೂತು ನಿನ್ನನ್ನು ಟೀವಿಯಲ್ಲಿ ನೋಡಿತು. ಗೆಲ್ಲಲಿಲ್ಲ. ಈ ಮೂರನೆಯದು ಗೆದ್ದಿದೆ. ದೋಣಿಯಲ್ಲಿ ಜೋಡಿಸಿಟ್ಟ ಬೂಟು, ಅದನ್ನು ಅಕ್ಕ ನೀರಿಗೆ ಹಾಕುವುದು, ಇದೆಲ್ಲ ಅಸಾಧಾರಣ ಕಲ್ಪನಾಶಕ್ತಿ ಅಂತ ವಿಮರ್ಶಕನೊಬ್ಬ ಬರೆದಿದ್ದಾನೆ. ಕಲ್ಪನೆಯಂತೆ! ನನ್ನ ಕೈ ಕಣೇ ಅದು.

ಹತ್ತೊಂಬತ್ತು ವರ್ಷವಾಯಿತು. ನಮ್ಮ ತಮ್ಮ ಆಂಬ್ರೋಸ್ ಸಂಜೆಯಾದರೂ ಕಡಲಿನಿಂದ ಬರಲಿಲ್ಲ ಅಂತ ನಾನು ಸಿರಿಲ್ ಮಾವನ ಜೊತೆ ಹುಡುಕಿಕೊಂಡು ಹೋದೆ. ಬಂಡೆಯ ಮೂಲೆಯಾಚೆ ದೋಣಿ ಲಂಗರು ಹಾಕಿಕೊಂಡು ನಿಂತಿತ್ತು. ಒಳಗೆ ಬೂಟುಗಳು ಜೋಡಿಯಾಗಿ, ಕಾಲುಚೀಲ ಒಳಗೆ ತುರುಕಿ. ಲೈಫ್ ಜಾಕೆಟ್ ಬಿಟ್ಟು ಹೋಗುವುದು ದೊಡ್ಡದಲ್ಲ, ನಮ್ಮ ಗಂಡಸರು ಅದನ್ನು ಹಾಕುವುದೇ ಇಲ್ಲ. ಆದರೆ ಬೂಟು ಬಿಚ್ಚಿಟ್ಟು ಯಾರೂ ನೀರಿಗೆ ಬೀಳುವುದಿಲ್ಲ. ಸಿರಿಲ್ ಮಾವ ಮುಖ ಆಚೆ ತಿರುಗಿಸಿದ. ನಾನು ಬೂಟುಗಳನ್ನು ನೀರಿಗೆ ಹಾಕಿದೆ. ದಡಕ್ಕೆ ಬಂದು, ಮೂಲೆಯಾಚೆ ಬಿರುಗಾಳಿ ಎದ್ದಿತ್ತು ಅಂದೆ. ಊರು ತಲೆಯಾಡಿಸಿತು, ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅವನು ಸಿಗಲೇ ಇಲ್ಲ. ಚರ್ಚಿನ ಅಂಗಳದಲ್ಲಿ ಕಡಲು ಒಯ್ದವರ ಹೆಸರಿನ ಕಲ್ಲಿದೆಯಲ್ಲ, ಅದರಲ್ಲಿ ಅಪ್ಪನ ಕೆಳಗೆ ಅವನ ಹೆಸರನ್ನೂ ಕೆತ್ತಿದರು. ಪ್ರತಿ ಜುಲೈನಲ್ಲಿ ಅಮ್ಮ ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಬರುತ್ತಾಳೆ. ಮಗ ಗಂಡನ ಹಾಗೇ ಹೋದ, ಬೇಕೆಂದು ಹೋಗಲಿಲ್ಲ. ಅವಳಿಗೆ ಉಳಿದಿರುವ ಸಮಾಧಾನ ಅದೊಂದೇ.

ನಿಜವನ್ನು ನಿನಗೊಬ್ಬಳಿಗೆ ಹೇಳಿದ್ದೆ, ಫೋನಿನಲ್ಲಿ, ಅಳುತ್ತಾ, ಒಂದೇ ಸಲ. ನೀನು ಅಳಲಿಲ್ಲ. "ಬೂಟು ಯಾವ ಬಣ್ಣ?" ಅಂತ ಕೇಳಿದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಕಾದಂಬರಿಯಲ್ಲಿ ಅವನಿಗೆ ಲಿಯೋ ಅಂತ ಹೆಸರಿಟ್ಟಿದ್ದೀಯ. ಹೆಸರು ಬದಲಿಸಿದರೆ ಊರಿಗೆ ತಿಳಿಯುವುದಿಲ್ಲವೇ? ಪುಸ್ತಕ ಬಂದಾಗಿನಿಂದ ಅಮ್ಮನಿಗೆ ನಾನೇ ಓದಿ ಹೇಳುತ್ತಿದ್ದೇನೆ. ಕಾರ್ಖಾನೆಯಿಂದ ಬಂದು, ಕೈಯ ವಾಸನೆ ಹೋಗುವಷ್ಟು ತೊಳೆದು, ದಿನಕ್ಕೊಂದು ಅಧ್ಯಾಯ. ಹದಿನಾಲ್ಕು ಬಂದಾಗ ಏನು ಮಾಡಲಿ? ಪುಟ ನೋಡುತ್ತಾ ಬಾಯಿಗೆ ಬಂದ ಕಥೆ ಕಟ್ಟಿದೆ. ಗಾಳಿ ಎಬ್ಬಿಸಿದೆ, ಅಲೆ ಎಬ್ಬಿಸಿದೆ, ಲಿಯೋ ಕೊನೆಯವರೆಗೂ ಎಂಜಿನ್ನಿನ ಹಗ್ಗ ಎಳೆಯುತ್ತಲೇ ಇದ್ದ ಅಂದೆ. ಅಮ್ಮ ಅಲ್ಲಾಡದೆ ಕೇಳಿದಳು. ಚೆನ್ನಾಗಿ ಬರೆದಿದ್ದಾಳೆ ಅಂದಳು.

ಮರುದಿನ ಬ್ರೈಡ್ ಅತ್ತೆ ಚಹಾಕ್ಕೆ ಬಂದಾಗ ಅಮ್ಮ ಕೇಳಿಯೇಬಿಟ್ಟಳು, "ಬ್ರೈಡ್, ಆ ಗಾಳೀನ ಹೆಂಗ್ ಬರ್ದಿದಾಳೆ ನೋಡ್ದ್ಯಾ?" ಅಂತ. ಅತ್ತೆ ನನ್ನ ಮುಖ ನೋಡಿದಳು. "ಅಯ್ಯೋ, ಓದ್ತಾ ಓದ್ತಾ ಶಾಲು ಹೊದ್ಕೊಂಡೆ ಕಣೇ!" ಅಂದಳು. ಹೊರಡುವಾಗ ಬಾಗಿಲ ಹತ್ತಿರ ನನ್ನ ತೋಳು ಚಿವುಟಿ, "ಈ ವಯಸ್ಸಲ್ಲಿ ನನ್ ಕೈಲಿ ಸುಳ್ಳು ಹೇಳಿಸ್ತೀರಲ್ಲೇ ಅಕ್ಕತಂಗೀರು, ನಿಮ್ ಮನೆ ಹಾಳಾಗ" ಅಂತ ಬೈದಳು. ಈಗ ಊರಿಗೆಲ್ಲ ಅದೇ ಕೆಲಸ. ಅಂಚೆಯವನು, ಅಂಗಡಿಯವಳು, ಹೊಸ ಪಾದ್ರಿ ಕೂಡ. ಎಲ್ಲರೂ ಪುಸ್ತಕ ಓದಿದ್ದಾರೆ, ಎಲ್ಲರೂ ಅಮ್ಮನೆದುರು ಅದರಲ್ಲಿಲ್ಲದ ಗಾಳಿಯನ್ನು ಹೊಗಳುತ್ತಾರೆ.

ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆ ಅಧ್ಯಾಯವನ್ನು ಕಾರಿನಲ್ಲಿ ಒಬ್ಬಳೇ ಕೂತು ಮೂರು ಸಲ ಓದಿದೆ. ನಾನು ಮರೆತಿದ್ದನ್ನೂ ಬರೆದಿದ್ದೀಯ. ಅದಕ್ಕೂ ಸಿಟ್ಟು. ನೀನು ಎರಡನೆಯ ಅಧ್ಯಾಯ ಓದು, ಮದುವೆಯ ಕುಣಿತದ್ದು. ಜನ ನಗುತ್ತಾರೆ. ಅಮ್ಮನಿಗೆ ಎಂಬತ್ತಮೂರು. ಇನ್ನೆಷ್ಟು ದಿನ ಇರುತ್ತಾಳೆ? ಇಷ್ಟು ದಿನ ನಂಬಿದ್ದನ್ನೇ ನಂಬಿಕೊಂಡು ಹೋಗಲಿ.

ನಿನ್ನ ಅಕ್ಕ,
ಲೊರೆಟ್ಟಾ

ತಾ.ಕ.: ಶನಿವಾರ. ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಇವತ್ತು ಮಧ್ಯಾಹ್ನ ಅಮ್ಮ ಹದಿನಾಲ್ಕನ್ನು ಇನ್ನೊಮ್ಮೆ ಓದು ಅಂದಳು. ಗಾಳಿ ಏಳುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡಳು. "ಸಾಕು ಬಿಡೇ, ನಿಂಗೂ ಸುಸ್ತಾಗಿದೆ. ಅವಳಿಗೆ ಬರೋಕೆ ಹೇಳು. ಇರೋದನ್ನ ಇದ್ದ ಹಾಗೆ ಓದ್ಲಿ. ಇಷ್ಟು ವರ್ಷದಲ್ಲಿ ಒಬ್ಬಳಾದ್ರೂ ನನ್ನೆದುರಿಗೆ ನಿಜ ಹೇಳ್ಲಿ" ಅಂದಳು. ನಾನು ಪುಸ್ತಕ ಮುಚ್ಚಿದೆ. ಅವಳೇ ಹೇಳಿದಳು: "ಅವತ್ತು ಗಾಳಿ ಎಲ್ಲಿತ್ತು? ಗುಡ್ಡದ ಮೇಲೆ ಬಟ್ಟೆ ಒಣಹಾಕ್ತಿದ್ದೆ, ಒಂದು ಬೆಡ್‌ಶೀಟೂ ಅಲ್ಲಾಡ್ಲಿಲ್ಲ. ದೋಣಿಗೆ ಹೋಗೋ ಮುಂಚೆ ಅವ್ನು ಪಕ್ಕ ನಿಂತು ಕ್ಲಿಪ್ಪು ಒಂದೊಂದೇ ನನ್ ಕೈಗೆ ಕೊಟ್ಟ. ಹುಟ್ಟಿದಾಗಿನಿಂದ ಒಂದಿನ ಹಂಗ್ ಮಾಡ್ದೋನಲ್ಲ. ಏನಾಯ್ತೋ ಮಗನೇ ಅಂತ ಕೇಳ್ಬೇಕಿತ್ತು. ಬಟ್ಟೆ ಮುಗೀಲಿ ಅಂದ್ಕೊಂಡೆ."

ಬಾ. ಹದಿನಾಲ್ಕನ್ನೇ ಓದು. ಆದರೆ ಇದನ್ನು ಎಲ್ಲೂ ಬರೆಯಬೇಡ, ಇಮೆಲ್ಡಾ. ಕಾಲಿಗೆ ಬೀಳುತ್ತೇನೆ, ಇದೊಂದನ್ನು ಬರೆಯಬೇಡ.